ನಿಮ್ಮ ಮಾರ್ಕ್ಸೇ ನಿಮ್ಮ ಹೆಸರು: ಮೆಡಿಕಲ್ ಸೀಟಿಗೆ ಕಾಯುತ್ತಿರುವವರು ಇದನ್ನು ಓದಿ

ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್ ಬರೆದು, ಸೀಟು ಹಂಚುವ ಕೌನ್ಸೆಲಿಂಗ್‌ಗೆ ಕಾಯುತ್ತಿರುವವರು, ಅವರ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಟೆಲಿಗ್ರಾಂ ಗುಂಪಿನಲ್ಲಿ ಹೆಸರು ಹಾಕಿಲ್ಲ, ಫೋಟೋ ಹಾಕಿಲ್ಲ, ನಾನು ಯಾರು ಅಂತ ಯಾರಿಗೂ ಗೊತ್ತಾಗಲ್ಲ ಅಂತ ನಾನು ಧೈರ್ಯವಾಗಿದ್ದೆ. ಅದರಿಂದ ನಮ್ಮಪ್ಪ 45,000 ರೂಪಾಯಿ ಕಳೆದುಕೊಂಡ. ನಮ್ಮ ಮಾವ ಮನೆಗೆ ಬರುವುದನ್ನು ನಿಲ್ಲಿಸಿದ.

2024ರ ಮಾತು. ನಾನು ಎರಡನೇ ಸಲ ನೀಟ್ ಬರೆದಿದ್ದೆ. ನಮ್ಮದು ಕಲ್ಯಾಣ ಕರ್ನಾಟಕದ ಒಂದು ಹಳ್ಳಿ. ಯಾವ ತಾಲ್ಲೂಕು ಅಂತ ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಮೇ 5ಕ್ಕೆ ಪರೀಕ್ಷೆ, ಜೂನ್ 4ಕ್ಕೆ ರಿಸಲ್ಟ್. ಆ ವರ್ಷದ ಗಲಾಟೆ ನಿಮಗೂ ನೆನಪಿರಬೇಕು. 67 ಜನಕ್ಕೆ 720ಕ್ಕೆ 720 ಬಂದಿತ್ತು. ಗ್ರೇಸ್ ಮಾರ್ಕ್ಸ್ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪರೀಕ್ಷೆ ರದ್ದಾಗುತ್ತೆ ಅಂತ ಒಂದು ದಿನ, ಆಗಲ್ಲ ಅಂತ ಇನ್ನೊಂದು ದಿನ. ಜುಲೈ 26ಕ್ಕೆ ರಿಸಲ್ಟ್ ಪರಿಷ್ಕರಣೆಯಾಗಿ ರ‍್ಯಾಂಕೂ ಬದಲಾಯಿತು. ಮನೆಯಲ್ಲಿ ಯಾರಿಗೂ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ, ನಿಜವಾದ ಹಂಚಿಕೆಗೆ ಮುಂಚೆ ಬಿಡುವ ಅಣಕು ಹಂಚಿಕೆಯಾದ ಮಾಕ್ ಅಲಾಟ್‌ಮೆಂಟ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಆ ಗುಂಪಿಗೆ ಹೋಗುತ್ತಿದ್ದೆ. ನನ್ನಂಥವರೇ ಸಾವಿರಾರು ಜನ ಇದ್ದರು. ನಿಜ ಹೇಳಬೇಕೆಂದರೆ ಅಲ್ಲಿ ಒಳ್ಳೆಯವರೂ ಇದ್ದರು. ಎಷ್ಟೋ ಅನುಮಾನ ಬಗೆಹರಿಸಿದ್ದು ಅವರೇ.

ಒಂದು ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದೆ. ಒಂದೇ ಸಲ ಎಲ್ಲ ಹೇಳಿಕೊಂಡವಳಲ್ಲ. ಒಂದು ದಿನ ಮಾರ್ಕ್ಸ್ ಹೇಳಿದೆ. ಇನ್ನೊಂದು ದಿನ, ಒಂದರಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಸರ್ಟಿಫಿಕೇಟ್‌ಗೆ ಯಾರ ಸಹಿ ಬೇಕು ಅಂತ ಕೇಳಿದೆ. ಮತ್ತೊಂದು ದಿನ ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಬಗ್ಗೆ ಕೇಳಿದೆ. ಆಮೇಲೆ ಕೆಟಗರಿ. ರ‍್ಯಾಂಕ್ ಬದಲಾದಾಗ ಹಳೆಯದು ಇಷ್ಟಿತ್ತು, ಹೊಸದು ಇಷ್ಟು ಅಂತ ಎರಡನ್ನೂ ಬರೆದೆ. ಎಲ್ಲವೂ ಬೇರೆ ಬೇರೆ ದಿನ, ಬೇರೆ ಬೇರೆ ಪ್ರಶ್ನೆಗೆ. ಆದರೆ ಟೆಲಿಗ್ರಾಂನಲ್ಲಿ ಒಬ್ಬರ ಹೆಸರಿನ ಮೇಲೆ ಹುಡುಕಿದರೆ ಅವರು ಗುಂಪಿನಲ್ಲಿ ಬರೆದದ್ದೆಲ್ಲ ಸಾಲಾಗಿ ಬಂದು ನಿಲ್ಲುತ್ತೆ. ಅದು ನನಗೆ ಹೊಳೆದೇ ಇರಲಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ನಮ್ಮ ರಾಜ್ಯದಲ್ಲಿ ಕನ್ನಡ ಮಾಧ್ಯಮದವರಿಗೆ ಇರುವ ಮೀಸಲಾತಿ 5%. ಅದಕ್ಕೆ ಅರ್ಹರಾದವರಲ್ಲಿ 371(ಜೆ) ಇರುವವರು ಎಷ್ಟು? ಅವರಲ್ಲಿ ನನ್ನ ಕೆಟಗರಿಯವರು, ಎರಡನೇ ಸಲ ಬರೆದವರು, ಹುಡುಗಿಯರು? ಕೊನೆಗೆ ಕೈಬೆರಳಲ್ಲಿ ಎಣಿಸಬಹುದು. ಆಲ್ ಇಂಡಿಯಾ ರ‍್ಯಾಂಕ್ ಹೇಳಿದ ಮೇಲಂತೂ ಅಷ್ಟೂ ಬೇಡ, ಒಂದು ರ‍್ಯಾಂಕ್ ಒಬ್ಬರಿಗೇ ಇರೋದು. ಆಲ್ ಇಂಡಿಯಾ ಕೋಟಾದ ಅಲಾಟ್‌ಮೆಂಟ್ ಪಟ್ಟಿಯಲ್ಲಿ ಹೆಸರು ಇರಲ್ಲ ನಿಜ, ಆದರೆ ರ‍್ಯಾಂಕ್, ಕಾಲೇಜು, ಕೆಟಗರಿ ಮೂರೂ ಇರುತ್ತವೆ. ರ‍್ಯಾಂಕ್ ಗೊತ್ತಿದ್ದವರಿಗೆ ನೀವು ಯಾವ ಕಾಲೇಜಿಗೆ ಹೋಗುತ್ತೀರಿ ಅಂತಲೂ ಗೊತ್ತಾಗುತ್ತೆ. ಅದೇ ಜುಲೈ 20ಕ್ಕೆ ಕೋರ್ಟ್ ಆದೇಶದಂತೆ ಸೆಂಟರ್‌ವಾರು ಮಾರ್ಕ್ಸ್ ಪ್ರಕಟವಾಯಿತು. ಗುರುತು ಮರೆಮಾಚಿಯೇ ಪ್ರಕಟಿಸಿದ್ದರು. ಆದರೆ ನಮ್ಮ ಸೆಂಟರಿನಲ್ಲಿ ಫ್ಯಾನ್ ತಿರುಗಲೇ ಇಲ್ಲ ಅಂತ ನಾನು ಊರಿನ ಹೆಸರು ಹಾಕಿಯೇ ಬರೆದಿದ್ದೆ. ಆ ಸೆಂಟರಿನ ಪಟ್ಟಿಯಲ್ಲಿ ನನ್ನ ಮಾರ್ಕ್ಸ್ ಒಂದೇ ಒಂದು ಸಲ ಇತ್ತು.

ಇದಕ್ಕಿಂತ ಸುಲಭದ ದಾರಿ ಬಸ್ ಸ್ಟ್ಯಾಂಡಿನ ಎದುರಿಗೇ ನೇತಾಡುತ್ತಿತ್ತು. ನಾನು ಓದಿದ ಕೋಚಿಂಗ್ ಸೆಂಟರಿನವರು ದೊಡ್ಡ ಫ್ಲೆಕ್ಸ್ ಹಾಕಿಸಿದ್ದರು. ಮೇಲಿನ ಸಾಲಿನಲ್ಲಿ ಟಾಪರ್‌ಗಳು, ಕೆಳಗೆ ಚೀಟಿಯಷ್ಟು ಚಿಕ್ಕ ಫೋಟೋಗಳಲ್ಲಿ ನಾವು. ಎಡಗಡೆಯಿಂದ ನಾಲ್ಕನೆಯದು ನನ್ನದು. ಎರಡು ಜಡೆ, ಕಾಲೇಜು ಐಡಿ ಕಾರ್ಡಿನ ಫೋಟೋ. ಕೆಳಗೆ ಪೂರ್ತಿ ಹೆಸರು, ಅದರ ಕೆಳಗೆ ಮಾರ್ಕ್ಸ್. ಅಪ್ಪ ಅದರ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದ. ಅಷ್ಟು ಖುಷಿ. ಗುಂಪಿನಲ್ಲಿ ಹೆಸರು ಮುಚ್ಚಿ ಮಾರ್ಕ್ಸ್ ಹೇಳಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾರ್ಕ್ಸಿನ ಜೊತೆ ನನ್ನ ಹೆಸರಿತ್ತು. ಇಷ್ಟಾದ ಮೇಲೆ ಇನ್ನೇನು ಉಳಿಯಿತು?

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಗುಂಪಿನಲ್ಲಿ ಒಬ್ಬ ಸೀನಿಯರ್ ಇದ್ದ. ಮೂರನೇ ವರ್ಷದ ಎಂಬಿಬಿಎಸ್ ಅಂತ ಹೇಳಿಕೊಂಡಿದ್ದ. ಎಲ್ಲರ ಪ್ರಶ್ನೆಗೂ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದ. ನಿನ್ನ ಮೀಸಲಾತಿ ಕ್ಲೇಮ್ ಸರಿಯಾಗಿ ಬಿದ್ದಿದೆಯಾ ನೋಡ್ತೀನಿ, ಅರ್ಜಿಯ ಪ್ರಿಂಟ್ ಕಳಿಸು ಅಂದ. ಹೆಸರು, ಫೋನ್ ನಂಬರಿನ ಮೇಲೆ ಮೊಬೈಲಿನ ಮಾರ್ಕರ್‌ನಿಂದ ಕಪ್ಪು ಬಳಿದು ಕಳಿಸಿದೆ. ನನ್ನ ಕಣ್ಣಿಗೆ ಪೂರ್ತಿ ಕಪ್ಪಾಗಿಯೇ ಕಂಡಿತ್ತು. ಅದು ಹೈಲೈಟರ್ ಥರದ ಮಾರ್ಕರ್, ಕೆಳಗಿನ ಅಕ್ಷರ ಪೂರ್ತಿ ಅಳಿಸಲ್ಲ. ಆಮೇಲೆ ನಾನೇ ಆ ಫೋಟೋ ತೆರೆದು ಬ್ರೈಟ್‌ನೆಸ್ ಪೂರ್ತಿ ಏರಿಸಿದೆ. ಅಪ್ಪನ ನಂಬರು ಒಂದೊಂದೇ ಅಂಕಿಯಾಗಿ ಮೇಲೆದ್ದು ಬಂತು. ಅವತ್ತು ನನ್ನ ಕೈ ನಡುಗಿದ್ದು ಈಗಲೂ ನೆನಪಿದೆ.

ಮಾಕ್ ಅಲಾಟ್‌ಮೆಂಟ್‌ಗೆ ಕಾಯುತ್ತಿದ್ದ ದಿನಗಳು. ಅಪ್ಪ ಹೊಲದಲ್ಲಿದ್ದಾಗ ಫೋನ್ ಬಂದಿದೆ. ಕೌನ್ಸೆಲಿಂಗ್ ಆಫೀಸಿನಿಂದ ಅಂದನಂತೆ. ನನ್ನ ಹೆಸರು, ರ‍್ಯಾಂಕ್, ಕೆಟಗರಿ, ಮೊದಲ ಆಪ್ಷನ್ ಯಾವ ಕಾಲೇಜು ಅಂತ ಎಲ್ಲ ಸರಿಯಾಗಿ ಹೇಳಿದ. ಸ್ವಲ್ಪದರಲ್ಲಿ ಸೀಟು ತಪ್ಪುತ್ತೆ, ಈಗಲೇ ಲಾಕ್ ಮಾಡಿಸಿದರೆ ಉಳಿಯುತ್ತೆ ಅಂದ. ಇಷ್ಟಕ್ಕೇ ಆಗಿದ್ದರೆ ಅಪ್ಪ ನನ್ನನ್ನು ಒಂದು ಮಾತು ಕೇಳುತ್ತಿದ್ದ. ಆದರೆ ಅವನು ಇನ್ನೂ ಒಂದು ಮಾತು ಸೇರಿಸಿದ. "ಯಜಮಾನ್ರೇ, ಮಗಳು ತುಂಬಾ ಟೆನ್ಷನ್‌ನಲ್ಲಿದ್ದಾಳೆ. ಈ ಸಲ ಸೀಟು ಸಿಗದಿದ್ರೆ ಅಪ್ಪನಿಗೆ ಮುಖ ತೋರಿಸೋಕಾಗಲ್ಲ ಅಂತಿದ್ದಾಳೆ. ಅವಳಿಗೆ ಈ ವಿಷಯ ಹೇಳಬೇಡಿ."

ಅದು ನನ್ನದೇ ಮಾತು. ಒಂದು ರಾತ್ರಿ ತಡೆಯಲಾಗದೆ ಗುಂಪಿನಲ್ಲಿ ಬರೆದದ್ದು. ಮನೆಯಲ್ಲಿ ಯಾರ ಎದುರಿಗೂ ಆಡದ ಮಾತು.

ಅಪ್ಪ ಎರಡು ಸಲಕ್ಕೆ ಹಣ ಕಳಿಸಿದ, ಮೊದಲು 20,000, ಮಾರನೇ ದಿನ 25,000. ತೊಗರಿ ಮಾರಿ ನನ್ನ ಫೀಸಿಗೆ ಅಂತ ಎತ್ತಿಟ್ಟ ದುಡ್ಡು. ಮೂರನೇ ಸಲ ಕೇಳಿದಾಗ ಅನುಮಾನ ಬಂದು ನನಗೆ ಹೇಳಿದ. "ನಿನಗ ಹೇಳಬ್ಯಾಡ ಅಂದಿದ್ದ ಯವ್ವಾ. ನೀ ಮೊದಲ ಹೆದರಿದ್ದಿ. ಅಂವಗ ಎಲ್ಲಾ ಗೊತ್ತಿತ್ತು, ನಿನ್ನ ಮನಸಿನಾಗಿಂದೂ ಗೊತ್ತಿತ್ತು." ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು, ದೂರು ಕೊಟ್ಟೆವು. ಅಷ್ಟು ಹೊತ್ತಿಗೆ ಮೂರು ದಿನ ಆಗಿತ್ತು, ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಹಣ ಹೋದ ಕೂಡಲೇ ಆ ನಂಬರಿಗೆ ಹೇಳಿದರೆ ಅದು ಮುಂದೆ ದಾಟುವ ಮೊದಲು ತಡೆಯುವ ಅವಕಾಶ ಜಾಸ್ತಿ. ಫೋನ್ ಮಾಡಿದವನು ಆ ಸೀನಿಯರ್ರೋ, ಅವನಿಂದ ವಿವರ ಕೊಂಡವನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸೀನಿಯರ್ ಖಾತೆ ಮಾತ್ರ ಆ ವಾರವೇ ಮಾಯವಾಯಿತು.

ಮಾವನ ವಿಷಯ ಬರೆಯಲು ಕಷ್ಟ, ಆದರೂ ಬರೆಯಬೇಕು. ಕೋಚಿಂಗ್‌ಗೆ ದುಡ್ಡು ಕೊಟ್ಟವನು ಅವನೇ, ಅವ್ವನ ತಮ್ಮ. ದುಡ್ಡು ಕೊಟ್ಟು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ನನಗೆ ನಾಚಿಕೆ ಆಗುತ್ತೆ ಅಂತ ಗುಂಪಿನಲ್ಲಿ ಬರೆದಿದ್ದೆ. ನನ್ನ ಬ್ಯಾಚಿನ ಹುಡುಗನೊಬ್ಬ ಮಾರ್ಕ್ಸ್ ನೋಡಿ ನನ್ನನ್ನು ಗುರುತಿಸಿದ. ಸ್ಕ್ರೀನ್‌ಶಾಟ್ ನಾಲ್ಕು ವಾಟ್ಸಾಪ್ ಗುಂಪು ದಾಟಿ ಮಾವನಿಗೆ ಮುಟ್ಟಿತು. ನಾನು ಕಾಲು ಹಿಡಿದು ತಪ್ಪಾಯಿತು ಅಂದೆ. "ಇರಲಿ ಬಿಡವ್ವಾ" ಅಂದ. ಕಾಲೇಜಿಗೆ ಸೇರಿಸುವ ದಿನ ಅವನು ಬರಲಿಲ್ಲ.

ಈಗ ನಿಮ್ಮ ವಿಷಯ. ಗುಂಪಿಗೆ ಸೇರಲೇಬೇಡಿ ಅಂತ ನಾನು ಹೇಳಲ್ಲ, ಹಳ್ಳಿಯಲ್ಲಿ ಕೂತ ಹುಡುಗ ಹುಡುಗಿಯರಿಗೆ ಬೇರೆ ಗತಿ ಇರಲ್ಲ. ಆದರೆ ಕೇಳುವ ಮುಂಚೆ ಒಮ್ಮೆ ನೋಡಿ. ಯಾವ ಕಾಲೇಜಿನಲ್ಲಿ ಯಾವ ಕೆಟಗರಿಗೆ ಎಷ್ಟನೇ ರ‍್ಯಾಂಕಿಗೆ ಸೀಟು ಮುಗಿಯಿತು ಅಂತ ಹಿಂದಿನ ವರ್ಷಗಳ ಕಟ್ ಆಫ್ ಪಟ್ಟಿ, ರಾಜ್ಯದಲ್ಲಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲೇ ಇರುತ್ತೆ. ನನ್ನ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಇತ್ತು. ಕೇಳಲೇಬೇಕಾದರೆ ರ‍್ಯಾಂಕ್ ತೊಂಬತ್ತು ಸಾವಿರದ ಆಸುಪಾಸು ಅನ್ನಿ, ಸರಿಯಾದ ಸಂಖ್ಯೆ ಯಾರಿಗೂ ಬೇಕಿಲ್ಲ. ಮಾರ್ಕ್ಸ್ ಹೇಳಲೇಬೇಡಿ. ಕೆಟಗರಿ ಕೇಳುವ ಕಡೆ ಊರು ಹೇಳಬೇಡಿ.

ಟೆಲಿಗ್ರಾಂನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಮಾಡಿ. ಅದರ ಕೆಳಗೇ, ನಂಬರ್ ಇದ್ದವರು ನಿಮ್ಮನ್ನು ಹುಡುಕುವುದನ್ನು ತಡೆಯುವ ಆಯ್ಕೆಯೂ ಇದೆ, ಅದನ್ನೂ ಬದಲಿಸಿ. ಮಾಮೂಲಿ ವಾಟ್ಸಾಪ್ ಗುಂಪಿನಲ್ಲಂತೂ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತೆ, ಅಲ್ಲಿ ಸುಳ್ಳು ಹೆಸರಿಟ್ಟು ಏನೂ ಪ್ರಯೋಜನ ಇಲ್ಲ. ಸ್ಕೋರ್ ಕಾರ್ಡ್, ಅಡ್ಮಿಟ್ ಕಾರ್ಡ್, ವೆರಿಫಿಕೇಷನ್ ಸ್ಲಿಪ್, ಯಾವುದನ್ನೂ ಯಾರಿಗೂ ಕಳಿಸಬೇಡಿ. ಸ್ಕೋರ್ ಕಾರ್ಡಿನಲ್ಲಿ ಅಪ್ಲಿಕೇಷನ್ ನಂಬರು, ಹುಟ್ಟಿದ ತಾರೀಖು, ಅಪ್ಪ ಅಮ್ಮನ ಹೆಸರು ಎಲ್ಲ ಒಂದೇ ಹಾಳೆಯಲ್ಲಿ ಇರುತ್ತೆ. ಪಾಸ್‌ವರ್ಡ್, ಒಟಿಪಿ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅದೇ 2024ರಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ (ಸೇರದವರ ಹೆಸರಲ್ಲಿ ಸೀಟು ಹಿಡಿದಿಡುವ) ಕೇಸ್ ಹೊರಬಿತ್ತಲ್ವಾ? ಅದರಲ್ಲಿ ಅಭ್ಯರ್ಥಿಗಳ ಲಾಗಿನ್ ದಂಧೆಯವರ ಕೈಯಲ್ಲಿತ್ತು. ಸೀಟು ಹಂಚುವುದು ರ‍್ಯಾಂಕ್, ಮೀಸಲಾತಿ, ನೀವು ಕೊಟ್ಟ ಆಪ್ಷನ್ ಕ್ರಮ ನೋಡಿ. ದುಡ್ಡು ಕೊಟ್ಟರೆ ಲಾಕ್ ಮಾಡಿಸುತ್ತೇನೆ ಅನ್ನುವವನು ಯಾರೇ ಆಗಲಿ ಕಳ್ಳ.

ಮನಸ್ಸಿಗೆ ತಡೆಯಲಾಗದಷ್ಟು ಭಾರ ಆದಾಗ ಒಬ್ಬ ಗೆಳತಿಗೆ ಫೋನ್ ಮಾಡಿ ಅಳಿ. ಸಾವಿರಾರು ಜನರ ಎದುರಿಗೆ ಬರೆದು ಅಳಬೇಡಿ.

ನನಗೆ ಎರಡನೇ ರೌಂಡಿನಲ್ಲಿ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಈಗ ತಮ್ಮ ನೀಟ್‌ಗೆ ಓದುತ್ತಿದ್ದಾನೆ. ಫ್ಲೆಕ್ಸಿಗೆ ಫೋಟೋ ಕೊಡಲ್ಲ ಅಂತ ಕೋಚಿಂಗ್‌ನವರಿಗೆ ಈಗಲೇ ಹೇಳಿದ್ದೇವೆ. ನಮ್ಮ ಬಗ್ಗೆ ಎಲ್ಲ ಗೊತ್ತಿದೆ ಅಂತ ಯಾರಾದರೂ ಫೋನ್ ಮಾಡಿದರೆ ಮೊದಲು ತಮ್ಮನಿಗೇ ಹೇಳಬೇಕು ಅಂತ ಅಪ್ಪನನ್ನು ಕೂರಿಸಿ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಎದ್ದು ಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕ ಪೆನ್ಸಿಲಿನಿಂದ ದೊಡ್ಡದಾಗಿ 1930 ಅಂತ ಬರೆದ.