ಕ್ಯೂ ಇತ್ತೋ, ಲೂಕನೇ ಮತ್ತಾಯನನ್ನು ಓದಿದ್ದನೋ?

ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ ಈ ಮೂರು ಸುವಾರ್ತೆಗಳನ್ನು ಪಕ್ಕಪಕ್ಕ ಇಟ್ಟು ಓದಿ. ಎಷ್ಟೋ ಕಡೆ ಗ್ರೀಕ್ ಮಾತುಗಳೇ ಒಂದೇ. ಯಾರು ಯಾರನ್ನು ನೋಡಿ ಬರೆದರು? ಮಾರ್ಕನೇ ಮೊದಲು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಜಗಳ ಶುರುವಾಗೋದು ಅಲ್ಲಿಂದ ಮುಂದೆ. ಮಾರ್ಕನಲ್ಲಿ ಇಲ್ಲದ, ಉಳಿದಿಬ್ಬರಲ್ಲೂ ಇರುವ ಸುಮಾರು 200ಕ್ಕೂ ಜಾಸ್ತಿ ವಚನಗಳು ಎಲ್ಲಿಂದ ಬಂದವು?

ಎರಡು ಮೂಲಗಳ ವಾದದ ಉತ್ತರ: ಯೇಸುವಿನ ಮಾತುಗಳನ್ನು ಕೂಡಿಸಿಟ್ಟ, ಈಗ ಕಳೆದುಹೋದ ‘ಕ್ಯೂ’ (Q) ಎಂಬ ಬರಹದಿಂದ. ಮತ್ತಾಯ, ಲೂಕ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಮಾರ್ಕ ಮತ್ತು ಕ್ಯೂ ಎಂಬ ಎರಡು ಮೂಲ ಬಳಸಿದರು ಅನ್ನುತ್ತದೆ ಅದು. ಮತ್ತಾಯನ 5ರಿಂದ 7ನೇ ಅಧ್ಯಾಯದಲ್ಲಿ ಒಟ್ಟಿಗಿರುವ ಬೋಧನೆ, ಅಂದರೆ ಪರ್ವತ ಪ್ರಸಂಗ, ಲೂಕನಲ್ಲಿ ಅಲ್ಲಲ್ಲಿ ಚದುರಿದೆ. ಮತ್ತಾಯನನ್ನು ನೋಡಿ ಬರೆದಿದ್ದರೆ ಅಷ್ಟು ಚೆಂದದ ಜೋಡಣೆಯನ್ನು ಲೂಕ ಸುಮ್ನೆ ಯಾಕೆ ಒಡೆಯುತ್ತಿದ್ದ? ಬರೀ ಯೇಸುವಿನ ಮಾತುಗಳ ಸಂಗ್ರಹ ಇರಬಹುದಾ ಅಂದರೆ, 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ತೋಮನ ಸುವಾರ್ತೆ ಅಂಥದ್ದೇ. ಆದರೆ ಕ್ಯೂವಿನ ಒಂದೇ ಒಂದು ಹಾಳೆಯೂ ಸಿಕ್ಕಿಲ್ಲ.

1955ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಆಸ್ಟಿನ್ ಫ್ಯಾರರ್ ಮಂಡಿಸಿದ ವಾದ ಇನ್ನೂ ಸರಳ. ಲೂಕನ ಮುಂದೆ ಮಾರ್ಕನೂ ಇದ್ದ, ಮತ್ತಾಯನೂ ಇದ್ದ, ಕ್ಯೂ ಬೇಕಿಲ್ಲ. ಯೇಸುವಿಗೆ ಹೊಡೆಯುವ ದೃಶ್ಯ ನೋಡಿ. ‘ನಿನ್ನನ್ನು ಹೊಡೆದವನು ಯಾರು?’ ಎಂಬ ಪ್ರಶ್ನೆ ಮಾರ್ಕನಲ್ಲಿ ಇಲ್ಲ, ಉಳಿದಿಬ್ಬರಲ್ಲೂ ಇದೆ. ಯೇಸುವಿನ ಕೊನೆಯ ದಿನಗಳ ಕಥೆ ಕ್ಯೂವಿನಲ್ಲಿ ಇರಲಿಲ್ಲ ಎಂದೇ ಸಾಮಾನ್ಯವಾಗಿ ಹೇಳುವುದರಿಂದ, ಕ್ಯೂ ಪಕ್ಷದವರಿಗೆ ಇದು ನುಂಗಲಾರದ ತುತ್ತು.

ಮತ್ತಾಯನೇ ಮೊದಲು, ಉಳಿದಿಬ್ಬರನ್ನೂ ನೋಡಿ ಕೊನೆಗೆ ಬರೆದವನು ಮಾರ್ಕ ಎನ್ನುವ, ಜರ್ಮನ್ ವಿದ್ವಾಂಸ ಗ್ರೀಸ್‌ಬಾಖ್‌ನ ವಾದವೂ ಇದೆ. ಆದರೆ ಮಾರ್ಕ ಪರ್ವತ ಪ್ರಸಂಗವನ್ನೇ ಬಿಟ್ಟ ಅಂತ ನಂಬೋದು ಕಷ್ಟ, ಅಲ್ವಾ?

ಹೊಸದಾಗಿ ಓದುವವರು ಕ್ಯೂವಿನಿಂದಲೇ ಶುರುಮಾಡಿ, ಹೆಚ್ಚಿನ ವ್ಯಾಖ್ಯಾನಗಳು ಅದನ್ನೇ ನೆಚ್ಚಿವೆ. ನನ್ನ ಮನಸ್ಸು ಮಾತ್ರ ಫ್ಯಾರರ್ ಕಡೆಗೇ ವಾಲುತ್ತದೆ.