ಅಟ್ಟದ ಮೇಲಿನ ಹಳೆಯ ಸೀಕ್ವೆನ್ಸರ್‌ಗೆ ಪ್ಲಗ್ ಹಾಕುವ ಮುನ್ನ

ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ತಳದಲ್ಲೋ ಮೂವತ್ತು ವರ್ಷ ಹಳೆಯ ಸಿಂಥಸೈಸರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ), ಅದನ್ನು ತಾನಾಗಿ ನುಡಿಸುವ ಸೀಕ್ವೆನ್ಸರ್, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಇದ್ದರೆ, ದಯವಿಟ್ಟು ಅವುಗಳಿಗೆ ಕರೆಂಟು ಕೊಡುವ ಮೊದಲು ಇದನ್ನು ಓದಿ. ನಾನು ಅವಸರಪಟ್ಟು, ತಿಳಿಯದೆ ಮಾಡಿದ ಕೆಲಸಗಳಿಂದ ಒಂಬತ್ತು ಹಾಡುಗಳ ಪೈಕಿ ಏಳರ ವಾದ್ಯಭಾಗ ಹೋಯಿತು.

1990ರಲ್ಲಿ ದುಬೈನಿಂದ ಬಂದ ಭಾವ ಆ ಮೂರು ಪೆಟ್ಟಿಗೆಗಳನ್ನು ತಂದುಕೊಟ್ಟಿದ್ದರು. ಮೈಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಅಕ್ಕ ಹಾಡುತ್ತಿದ್ದಳು. ರಾಗ ಹಾಕಿ, ವಾದ್ಯ ಜೋಡಿಸುವುದು ನನ್ನ ಪಾಲಿನ ಕೆಲಸ. ಎರಡು ವರ್ಷದಲ್ಲಿ ಒಂಬತ್ತು ಹಾಡು ಮುಗಿಸಿದೆವು. ಆಮೇಲೆ ನನಗೆ ಕೆಲಸ ಸಿಕ್ಕಿತು, ಪೆಟ್ಟಿಗೆಗಳು ಅಟ್ಟ ಸೇರಿದವು.

ಆ ಕಾಲದ ಕೆಲಸದ ಕ್ರಮ ತಿಳಿದರೆ ಮಾತ್ರ ಈ ನಷ್ಟ ಅರ್ಥವಾಗುತ್ತದೆ. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಪ್ರದರ್ಶನವೊಂದರಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಸಿಂಥಸೈಸರ್‌ಗೂ ರೋಲ್ಯಾಂಡ್‌ನ ಜುಪಿಟರ್-6ಕ್ಕೂ ಒಂದು ತಂತಿ ಜೋಡಿಸಿ, ಒಂದರ ಮನೆ ಒತ್ತಿದರೆ ಇನ್ನೊಂದು ನುಡಿಯುವಂತೆ ಮಾಡಿ ತೋರಿಸಿದರು. ಮಿಡಿ ಎಂಬುದು ಹಾಗೆ ಜನರ ಕಣ್ಣಿಗೆ ಬಿತ್ತು. ಆ ತಂತಿಯಲ್ಲಿ ಹರಿಯುವುದು ನಾದವಲ್ಲ, ಅಪ್ಪಣೆ: ಇಂಥ ಸ್ವರ, ಇಷ್ಟು ಒತ್ತಿ ನುಡಿಸು ಎಂಬುದಕ್ಕೆ ಮೂರೇ ಬೈಟು. ಸೀಕ್ವೆನ್ಸರ್ ಈ ಅಪ್ಪಣೆಗಳನ್ನು ನೆನಪಿಟ್ಟುಕೊಂಡು ಕ್ರಮವಾಗಿ ಸಿಂಥಸೈಸರ್‌ಗೆ ಕಳುಹಿಸುತ್ತದೆ. ನಮ್ಮ ಕ್ಯಾಸೆಟ್ಟಿನಲ್ಲಿದ್ದದ್ದು ನಾಲ್ಕೇ ಟ್ರ್ಯಾಕು. ಆದ್ದರಿಂದ ಅದರ ಮೂರರಲ್ಲಿ ಅಕ್ಕನ ದನಿ, ಗೆಳೆಯನ ಕೊಳಲು ಮತ್ತು ತಬಲಾ ತುಂಬಿಸಿ, ನಾಲ್ಕನೆಯದರಲ್ಲಿ ಸೀಕ್ವೆನ್ಸರ್‌ಗೆ ಗತಿ ತಿಳಿಸುವ ಸಿಂಕ್ ಸದ್ದನ್ನು ಬರೆಯುತ್ತಿದ್ದೆವು. ಎರಡು ಸ್ಥಾಯಿಗಳ ನಡುವೆ ಗಿರಗುಟ್ಟುವ, ಕಿವಿಗೆ ಕರ್ಕಶವಾದ ಸದ್ದು ಅದು. ಟೇಪು ಓಡಿದಾಗ ಸೀಕ್ವೆನ್ಸರ್ ಆ ಸದ್ದು ಹಿಡಿದು ತಾನೂ ಓಡುತ್ತಿತ್ತು, ಪಿಟೀಲಿನ ಗುಂಪು, ಬೇಸ್, ಗಂಟೆಯ ನಾದ ಎಲ್ಲವೂ ಆ ಕ್ಷಣಕ್ಕೆ ನುಡಿಯುತ್ತಿದ್ದವು. ಅಂದರೆ ಸಿಂಥಸೈಸರ್ ನುಡಿಸುವ ವಾದ್ಯದ ಭಾಗ ಆ ಮೂಲ ಟೇಪಿನಲ್ಲಿ ಎಂದೂ ಇರಲಿಲ್ಲ. ಮಿಶ್ರಣ ಮಾಡಿದ ಕ್ಯಾಸೆಟ್ಟೊಂದಿತ್ತು. ಯಾರಿಗೋ ಕೇಳಲು ಕೊಟ್ಟದ್ದು ಮರಳಿ ಬರಲಿಲ್ಲ. ಯಂತ್ರ ಇದೆಯಲ್ಲ, ಬೇಕಾದಾಗ ಇನ್ನೊಂದು ಮಾಡಿಕೊಂಡರಾಯಿತು ಎಂದುಕೊಂಡೆ.

ಇಪ್ಪತ್ತೆಂಟು ವರ್ಷಗಳ ಮೇಲೆ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ನೇರವಾಗಿ ಸೀಕ್ವೆನ್ಸರ್‌ಗೆ ಪ್ಲಗ್ ಹಾಕಿದೆ. ಪರದೆ ಒಮ್ಮೆ ಬೆಳಗಿ ಆರಿಹೋಯಿತು. ತಿರುಪು ಬಿಚ್ಚಿ ನೋಡಿದರೆ, ನೆನಪನ್ನು ಕಾಯುತ್ತಿದ್ದ ನೀಲಿ ಹೊದಿಕೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿತ್ತು. ಅದರ ಬುಡದಲ್ಲಿ ಹಸಿರು ಬೆರೆತ ಬಿಳಿಯ ಪುಡಿ, ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ಗೆರೆಗಳು ಕಪ್ಪಾಗಿ, ಕೆಲವು ಕಡೆ ಉಗುರು ತಾಗಿದರೆ ಏಳುವಂತೆ ಸಡಿಲವಾಗಿದ್ದವು. ಈ ಬ್ಯಾಟರಿಯೊಳಗಿನ ಕ್ಷಾರ ಯಂತ್ರ ಸುಮ್ಮನೆ ಮಲಗಿರುವಾಗಲೂ ಬೋರ್ಡನ್ನು ತಿನ್ನುತ್ತಲೇ ಇರುತ್ತದೆ. ಹಾಗೆ ತಿಂದ ಬೋರ್ಡಿಗೆ ನಾನು ಕರೆಂಟು ಹರಿಸಿದ್ದೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ತಪ್ಪು ಅವರದಲ್ಲ. ಅಷ್ಟು ವರ್ಷ ಬ್ಯಾಟರಿಯನ್ನು ಅಲ್ಲೇ ಬಿಡಬೇಕೆಂದು ಅವರು ಹೇಳಿರಲಿಲ್ಲ.

ಸಿಂಥಸೈಸರ್‌ನದು ಬೇರೆ ಕಥೆ. ಅದರಲ್ಲಿ ನಾನೇ ತಿಂಗಳುಗಟ್ಟಲೆ ಕೂತು ತಿದ್ದಿದ ನಾದಗಳಿದ್ದವು. ಆನ್ ಮಾಡಿದಾಗ ಬ್ಯಾಟರಿ ಕ್ಷೀಣಿಸಿದೆ ಎಂಬ ಸೂಚನೆ ಬಂತು, ಆದರೆ ನಾದಗಳು ಇನ್ನೂ ಇದ್ದವು. ಅದನ್ನು ಹಾಗೆಯೇ ಒಯ್ದು ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟೆ. ವಾರದ ನಂತರ “ಹೊಸ ಸೆಲ್ ಹಾಕಿ ರೀಸೆಟ್ ಮಾಡಿದೀವಿ ಸಾರ್, ಹೊಸದರ ಹಾಗಿದೆ” ಎಂದು ಕೊಟ್ಟರು. ಕಾರ್ಖಾನೆಯಿಂದ ಬಂದಾಗಿನ ನಾದಗಳು ಮಾತ್ರ ಉಳಿದಿದ್ದವು. ಒಳಗಿದ್ದದ್ದು ನನಗೆ ಬೇಕು ಎಂದು ಹೇಳದೆ ಇದ್ದದ್ದು ನನ್ನ ತಪ್ಪು. ಬ್ಯಾಟರಿ ತೆಗೆಯುವ ಮೊದಲು ಮಿಡಿ ತಂತಿಯಿಂದ ಕಂಪ್ಯೂಟರಿಗೆ ಸಿಸೆಕ್ಸ್ ಡಂಪ್, ಅಂದರೆ ಒಳಗಿನ ನಾದಗಳ ನಕಲು, ತೆಗೆದುಕೊಂಡಿದ್ದರೆ ಎಲ್ಲವೂ ಉಳಿಯುತ್ತಿತ್ತು. ಅದೇನು ದೊಡ್ಡ ಕೆಲಸವಲ್ಲ: ಯಮಾಹಾ ಡಿಎಕ್ಸ್7 ಎಂಬ ಸಿಂಥಸೈಸರ್‌ನ ಮೂವತ್ತೆರಡು ನಾದಗಳ ಪೂರ್ತಿ ಡಂಪ್ 4,104 ಬೈಟು, ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ.

ಇನ್ನು ಉಳಿದದ್ದು ಸೀಕ್ವೆನ್ಸರ್‌ನ ಅಪ್ಪಣೆಗಳನ್ನು ಬರೆದಿಟ್ಟಿದ್ದ ಫ್ಲಾಪಿಗಳು. ಸೀಕ್ವೆನ್ಸರ್‌ನ ಡ್ರೈವು 720 ಕೆಬಿಯ ಡಬಲ್ ಡೆನ್ಸಿಟಿ ಡಿಸ್ಕಿಗೆ ಮಾಡಿದ್ದು. ಮೊದಲ ಡಿಸ್ಕು ಅದೇ ಜಾತಿಯದು. ಆಮೇಲೆ ಅಂಗಡಿಯಲ್ಲಿ ಸಿಕ್ಕಿದ 1.44 ಎಂಬಿಯ ಡಿಸ್ಕುಗಳನ್ನೇ ಹಾಕಿ ಫಾರ್ಮ್ಯಾಟ್ ಮಾಡಿದೆ. ಡ್ರೈವು ತಕರಾರಿಲ್ಲದೆ ಒಪ್ಪಿತು, ಹಾಡುಗಳು ತೆರೆದುಕೊಂಡವು, ಅಷ್ಟಕ್ಕೆ ನಂಬಿದೆ. ಹೈ ಡೆನ್ಸಿಟಿ ಡಿಸ್ಕಿನ ಲೇಪಕ್ಕೆ ಹೆಚ್ಚು ಬಲವಾದ ಕಾಂತಕ್ಷೇತ್ರ ಬೇಕು. ಹಳೆಯ ಡ್ರೈವು ಅದರ ಮೇಲೆ ಬರೆದದ್ದು ಮೊದಲಿನಿಂದಲೇ ಸಪ್ಪೆ, ವರ್ಷ ಕಳೆದಂತೆ ಮತ್ತಷ್ಟು ಮಾಸುತ್ತದೆ. ಗೆಳೆಯನ ಕಂಪ್ಯೂಟರಿನಲ್ಲಿ, 1.44 ಎಂಬಿ ಡಿಸ್ಕನ್ನು ಅದು 720 ಕೆಬಿಯದೆಂದೇ ತಿಳಿಯುವಂತೆ ಎರಡನೆಯ ತೂತಿಗೆ ಟೇಪ್ ಅಂಟಿಸಿ, ಎರಡು ರಾತ್ರಿ ಓದಿಸಿ ನೋಡಿದೆವು. ಮೊದಲ ಡಿಸ್ಕಿನ ಎರಡು ಹಾಡು ಪೂರ್ತಿ ಬಂದವು. ಉಳಿದ ಏಳರಲ್ಲಿ ಡ್ರೈವಿನ ಕಟಕಟ ಸದ್ದು ಬಿಟ್ಟರೆ ಏನೂ ಬರಲಿಲ್ಲ.

ಕ್ಯಾಸೆಟ್ಟು ಮಾತ್ರ ಗಟ್ಟಿಯಾಗಿತ್ತು. ಹಾಕಿದರೆ ಅಕ್ಕನ ಮೂವತ್ತರ ದನಿ, ಪಲ್ಲವಿ ಮುಗಿಯುತ್ತದೆ, ಆಮೇಲೆ ಹದಿನಾರು ಮಾತ್ರೆ ಏನೂ ಇಲ್ಲ. ತಾಳ ಹಾಕುವ ಕೈಬಳೆಯ ಸದ್ದು, ಅವಳು ಉಸಿರೆಳೆದುಕೊಳ್ಳುವುದು, ಮತ್ತೆ ಚರಣ. ಅವಳಿಗೇ ಕೇಳಿಸಿದೆ. “ಮಧ್ಯೆ ಪಿಟೀಲು ಬರ್ತಿತ್ತಲ್ಲೋ, ಅದೆಲ್ಲಿ?” ಎಂದು ಕೇಳಿದಳು.

ಆದ್ದರಿಂದ ನನ್ನ ವಿನಂತಿ ಇಷ್ಟು. ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ ಅಥವಾ ತಿಳಿದವರಿಂದ ಬಿಚ್ಚಿಸಿ. ಕೊಳವೆಯಾಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ದರೆ ಕರೆಂಟು ಕೊಡದೆ ಅದನ್ನು ತೆಗೆಸಿ, ಬೋರ್ಡು ಶುಚಿ ಮಾಡಿಸಿ. ನಾಣ್ಯದಂಥ ಲಿಥಿಯಂ ಸೆಲ್ ಇದ್ದರೆ ಇದಕ್ಕೆ ಪೂರ್ತಿ ವಿರುದ್ಧ ಕ್ರಮ: ಡಂಪ್ ತೆಗೆಯುವವರೆಗೆ ಅದನ್ನು ಮುಟ್ಟಲೂ ಬೇಡಿ. ಹಿಂಭಾಗದ ಚೀಟಿ ಓದಿ. ಜಪಾನಿನವರು ತಮ್ಮ ದೇಶಕ್ಕೆಂದೇ ಮಾಡಿದ ಯಂತ್ರಗಳು 100 ವೋಲ್ಟಿನವು, ನಮ್ಮ 230ಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು. ಫ್ಲಾಪಿಯ ಮೂಲೆಯ ಗುಂಡಿಯನ್ನು ತೂತು ಕಾಣುವಂತೆ ಸರಿಸಿ, ಆಗ ಅದರ ಮೇಲೆ ಬರೆಯಲಾಗುವುದಿಲ್ಲ. ಓದಲಾಗದ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರ ಕೇಳಿದರೆ ಖಂಡಿತ ಬೇಡವೆನ್ನಿ. ಯಂತ್ರ ಇನ್ನೂ ಓಡುತ್ತಿದ್ದರೆ ಅಂದೇ ಪ್ರತಿ ವಾದ್ಯವನ್ನೂ ಒಂದೊಂದಾಗಿ ನುಡಿಸಿ ಆಡಿಯೋ ಆಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅಪ್ಪಣೆ ಉಳಿದು ನಾದ ಹೋದರೂ ಹಾಡು ಅದೇ ಆಗಿರುವುದಿಲ್ಲ.

ಟೇಪು ಇಳಿಸುವಾಗ ನಾಲ್ಕನೆಯ ಟ್ರ್ಯಾಕಿನ ಗಿರಗುಟ್ಟುವ ಸದ್ದು ಕಸವೆಂದು ಬಿಡಬೇಡಿ, ಅಳಿಸಲಂತೂ ಬೇಡಿ. ಹಾಡಿನ ಗತಿಯೆಲ್ಲ ಅದರೊಳಗಿದೆ. ಈಗ ನಾನು ಅದನ್ನೇ ಆಧಾರವಾಗಿಟ್ಟುಕೊಂಡು ಕಂಪ್ಯೂಟರಿನಲ್ಲಿ ಮಾತ್ರೆಗಳನ್ನು ಗುರುತು ಹಾಕಿದ್ದೇನೆ. ಭಾನುವಾರಗಳಲ್ಲಿ ಅಕ್ಕ ಬಂದು ನೆನಪಿದ್ದಷ್ಟು ಗುನುಗುತ್ತಾಳೆ, ಒಂದೊಂದೇ ಪಿಟೀಲಿನ ಸಾಲನ್ನು ಮತ್ತೆ ಕೂರಿಸುತ್ತಿದ್ದೇನೆ. ಏಳರಲ್ಲಿ ಒಂದು ಹಾಡಿನ ಪಲ್ಲವಿ ಮುಗಿದಿದೆ.