ಇರಾಕ್ ಯುದ್ಧದ ಕಟ್ಟುಗಳಿರುವ ಶಿರಸಿಯ ವಾಚನಾಲಯ

ಶಿರಸಿ ಪೇಟೆಯ ಅಡಿಕೆ ಮಂಡಿಗಳ ಹಿಂಬದಿಯ ಓಣಿಯಲ್ಲಿ, ಹಳೆಯ ಹಂಚಿನ ಮನೆಯೊಂದರ ಮಾಳಿಗೆಯ ಮೇಲೆ ಖಾಸಗಿ ವಾಚನಾಲಯವೊಂದಿದೆ. ನಿವೃತ್ತ ಮಾಸ್ತರರೊಬ್ಬರು ತಮ್ಮ ಮನೆಯ ಮಾಳಿಗೆಯನ್ನೇ ಇದಕ್ಕೆ ಬಿಟ್ಟುಕೊಟ್ಟಿದ್ದಾರೆ. ಹೊರಗೆ ಫಲಕವಿಲ್ಲ. ತಮ್ಮ ಹೆಸರನ್ನಾಗಲಿ ಮನೆಯ ಗುರುತನ್ನಾಗಲಿ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ನಾನೂ ಬರೆಯುತ್ತಿಲ್ಲ. ಹಳೆಯ ಪತ್ರಿಕೆ ಕಾಯ್ದಿಡುವ ಮಾಸ್ತರರ ಮನೆ ಎಂದು ಕೇಳಿದರೆ ಪೇಟೆಯವರು ತೋರಿಸುತ್ತಾರೆ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ಊಟದ ಹೊತ್ತಿನ ಒಂದು ವಾದದ ದೆಸೆಯಿಂದ. 2003ರಲ್ಲಿ ಅಮೆರಿಕ ಇರಾಕಿಗೆ ಯುದ್ಧಕ್ಕೆ ಹೋದದ್ದು ಸರ್ವಾಧಿಕಾರಿ ಸದ್ದಾಮ್ ಹುಸೇನನ ದಬ್ಬಾಳಿಕೆಯಿಂದ ಅಲ್ಲಿಯ ಜನರನ್ನು ಬಿಡಿಸಲಿಕ್ಕೆ ಎಂದು ನಮ್ಮ ಭಾವ ಹೇಳಿದರು. ಸಮೂಹ ನಾಶಕ ಅಸ್ತ್ರಗಳಿವೆಯೆಂದು ಹೇಳಿ ಹೋದರು, ಅವು ಸಿಗದಿದ್ದಾಗ ಜನರ ಬಿಡುಗಡೆಯ ಮಾತು ತಂದರು ಎಂದು ನಾನೆಂದೆ. ಇಬ್ಬರೂ ನೆನಪಿನಿಂದ ಮಾತನಾಡುತ್ತಿದ್ದೆವು, ಇಬ್ಬರ ಬಳಿಯೂ ತಾರೀಖು ಇರಲಿಲ್ಲ. ಮಾಸ್ತರರ ಮಾಳಿಗೆಯಲ್ಲಿರುವುದು ಆ ತಾರೀಖುಗಳೇ. 2002ರ ಶರತ್ಕಾಲದಿಂದ ಮುಂದಿನ ಕೆಲವು ವರ್ಷಗಳವರೆಗಿನ ಕನ್ನಡ ದಿನಪತ್ರಿಕೆಗಳನ್ನೂ ಒಂದೆರಡು ಇಂಗ್ಲಿಷ್ ಪತ್ರಿಕೆಗಳನ್ನೂ ಅವರು ತಿಂಗಳುವಾರು ಕಟ್ಟಿ ಇಟ್ಟಿದ್ದಾರೆ, ಮತ್ತು ಇರಾಕ್ ಯುದ್ಧಕ್ಕೆ ಸಂಬಂಧಿಸಿದ ಪುಟಗಳ ನಡುವೆ ಕಾಗದದ ಚೀಟಿಗಳನ್ನು ಸಿಕ್ಕಿಸಿದ್ದಾರೆ.

ಶಿರಸಿಯ ಮಳೆಗಾಲವನ್ನು ಕಂಡವರಿಗೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ. ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸು ಹಿಡಿಯುತ್ತದೆ, ಮರದ ಕಪಾಟಿಗೆ ಒರಲೆ ಹತ್ತುತ್ತದೆ. ಮಾಸ್ತರರು ಪ್ರತಿ ಕಟ್ಟನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಟ್ಟು, ಬೇವಿನ ಎಲೆ ಹಾಕಿ, ಪ್ರತಿವರ್ಷ ಚಳಿಗಾಲದ ಬಿಸಿಲಿಗೆ ಅಂಗಳದಲ್ಲಿ ಹರವಿ ಮತ್ತೆ ಕಟ್ಟುತ್ತಾರೆ. ನಾನು ಬಿಚ್ಚಿದ ಯಾವ ಕಟ್ಟಿನಲ್ಲೂ ಓದಲಾಗದ ಪುಟವಿರಲಿಲ್ಲ. ಅಂಚುಗಳು ಮಾತ್ರ ಕಂದಿ ಪುಡಿಯಾಗುತ್ತಿವೆ.

ಮೂರು ದಿನ ಕುಳಿತು ಓದಿದೆ. 2002ರ ಅಕ್ಟೋಬರ್ 10ರಂದು ಅಮೆರಿಕದ ಕೆಳಮನೆ 296ಕ್ಕೆ 133 ಮತಗಳಿಂದ ಅಧ್ಯಕ್ಷ ಬುಷ್ ಅವರಿಗೆ ಸೇನಾಬಲ ಬಳಸುವ ಅಧಿಕಾರ ಕೊಟ್ಟಿತು. ಮರುದಿನ ಸೆನೆಟ್ 77ಕ್ಕೆ 23ರಿಂದ ಅದನ್ನೇ ಮಾಡಿತು. ನವೆಂಬರ್ 8ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1441ನೆಯ ಠರಾವನ್ನು ಅಂಗೀಕರಿಸಿತು. ಹದಿನೈದು ಸದಸ್ಯ ರಾಷ್ಟ್ರಗಳೂ ಅದಕ್ಕೆ ಕೈಯೆತ್ತಿದವು, ಸಿರಿಯಾ ಕೂಡ. ಇರಾಕ್ ತನ್ನ ಅಸ್ತ್ರಗಳ ತನಿಖೆಗೆ ಸಹಕರಿಸದಿದ್ದರೆ ಗಂಭೀರ ಪರಿಣಾಮಗಳನ್ನು ಎದುರಿಸಬೇಕಾಗುತ್ತದೆ ಎಂದು ಆ ಠರಾವು ಹೇಳಿತ್ತು. ಇದರಲ್ಲೇ ಯುದ್ಧಕ್ಕೆ ಒಪ್ಪಿಗೆಯಿದೆ ಎಂದು ಅಮೆರಿಕ ಮತ್ತು ಬ್ರಿಟನ್ ಮುಂದೆ ವಾದಿಸಿದವು. ಯುದ್ಧಕ್ಕೆ ಹೋಗುವುದಾದರೆ ಮಂಡಳಿ ಮತ್ತೆ ಕೂಡಿ ತೀರ್ಮಾನಿಸಬೇಕು ಎಂದು ಫ್ರಾನ್ಸ್, ರಷ್ಯಾ, ಚೀನಾಗಳು ಹೇಳಿದವು. ತಾಳಮದ್ದಲೆ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದು ಅಪರಿಚಿತ ಸಂಗತಿಯಲ್ಲ. ಭಾಗವತರು ಹಾಡುವ ಪದ್ಯ ಒಂದೇ, ಅದಕ್ಕೆ ಒಬ್ಬ ಅರ್ಥಧಾರಿ ಹೇಳುವ ಅರ್ಥ ಇನ್ನೊಬ್ಬನದಕ್ಕಿಂತ ಬೇರೆ. ಆದರೆ ತಾಳಮದ್ದಲೆಯಲ್ಲಿ ಅರ್ಥ ಬೇರೆಯಾದರೆ ಸಭೆ ಬೆಳಗಿನವರೆಗೆ ಕುಳಿತು ಕೇಳುತ್ತದೆ. ಇಲ್ಲಿ ಒಂದು ಅರ್ಥದ ಹಿಂದೆ ಸೈನ್ಯ ಆಗಲೇ ಹೊರಟಿತ್ತು.

2003ರ ಫೆಬ್ರವರಿ ಮತ್ತು ಮಾರ್ಚ್ ಕಟ್ಟುಗಳನ್ನು ಯಾರೂ ಅವಸರದಲ್ಲಿ ಓದಬಾರದು. ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪವೆಲ್ ಭದ್ರತಾ ಮಂಡಳಿಯ ಮುಂದೆ ಚಿಕ್ಕ ಸೀಸೆಯೊಂದನ್ನು ಎತ್ತಿ ಹಿಡಿದು ಇರಾಕಿನ ಅಸ್ತ್ರಗಳ ವಿಷಯ ಮಾತನಾಡಿದರು. ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಲೆಯೆಂದು 2005ರಲ್ಲಿ ಅವರೇ ಒಪ್ಪಿಕೊಂಡರು. ಫೆಬ್ರವರಿ 14ರಂದು ಫ್ರಾನ್ಸಿನ ವಿದೇಶಾಂಗ ಸಚಿವ ದೊಮಿನಿಕ್ ದ ವಿಲ್‌ಪಾಂ ತನಿಖೆಗೆ ಇನ್ನಷ್ಟು ಕಾಲ ಕೊಡಬೇಕೆಂದು ಅದೇ ಸಭೆಯಲ್ಲಿ ಹೇಳಿದಾಗ, ಸಾಮಾನ್ಯವಾಗಿ ಚಪ್ಪಾಳೆ ಕೇಳದ ಆ ಕೋಣೆಯಲ್ಲಿ ಚಪ್ಪಾಳೆಯಾಯಿತು. ಮರುದಿನ ಲಂಡನ್, ರೋಮ್ ಮೊದಲಾದ ನೂರಾರು ಊರುಗಳಲ್ಲಿ ಜನ ಬೀದಿಗಿಳಿದರು. ಮಾರ್ಚ್ 1ರಂದು ಅಮೆರಿಕದ ಸೈನ್ಯಕ್ಕೆ ತನ್ನ ನೆಲದಿಂದ ಹಾದುಹೋಗಲು ಬಿಡಬೇಕೆ ಎಂಬ ಪ್ರಶ್ನೆ ಟರ್ಕಿಯ ಸಂಸತ್ತಿನ ಮುಂದೆ ಬಂದಿತು. ಪರವಾಗಿ 264, ವಿರುದ್ಧವಾಗಿ 250 ಮತ ಬಿದ್ದವು, 19 ಮಂದಿ ತಟಸ್ಥರಾಗಿ ಉಳಿದರು. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬೆಂಬಲ ಬೇಕಿದ್ದುದರಿಂದ ಪ್ರಸ್ತಾವ ಬಿದ್ದುಹೋಯಿತು.

ಈ ಇಡೀ ವಾದದ ಗಂಟು ಮಾರ್ಚ್ 7 ಮತ್ತು ಮಾರ್ಚ್ 17ರ ನಡುವೆ ಇದೆ ಎಂದು ನನಗೆ ಅನ್ನಿಸಿತು. ಮಾರ್ಚ್ 7ರಂದು ತನಿಖಾ ತಂಡದ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್, ಉಳಿದ ಕೆಲಸ ಮುಗಿಯಲು ವರ್ಷಗಳೂ ಬೇಡ, ವಾರಗಳೂ ಸಾಲವು, ತಿಂಗಳುಗಳು ಬೇಕು ಎಂಬ ಅರ್ಥದ ಮಾತನ್ನು ಮಂಡಳಿಗೆ ಹೇಳಿದರು. ಮಾರ್ಚ್ 17ರಂದು ಬುಷ್, ಸದ್ದಾಮ್ ಮತ್ತು ಅವನ ಮಕ್ಕಳು 48 ಗಂಟೆಗಳೊಳಗೆ ಇರಾಕ್ ಬಿಡಬೇಕೆಂದು ಗಡುವು ಕೊಟ್ಟರು. ಅದೇ ದಿನ ಬ್ರಿಟನ್ನಿನ ಸಚಿವ ರಾಬಿನ್ ಕುಕ್ ರಾಜೀನಾಮೆ ಕೊಟ್ಟು ಹೊರಬಂದರು. ಮರುದಿನ ಬ್ರಿಟಿಷ್ ಕೆಳಮನೆ 412ಕ್ಕೆ 149 ಮತಗಳಿಂದ ಯುದ್ಧಕ್ಕೆ ಒಪ್ಪಿತು, 20ರಂದು ಬಗ್ದಾದಿನ ಮೇಲೆ ಬಾಂಬು ಬಿದ್ದವು. ತಿಂಗಳುಗಳು ಬೇಕೆಂದವರಿಗೆ ಹದಿಮೂರು ದಿನ ಸಿಕ್ಕಿತ್ತು. ಯುದ್ಧ ಅನಿವಾರ್ಯವಾಗಿತ್ತೇ ಎಂದು ಕೇಳುವವರು ಮೊದಲು ಈ ಹದಿಮೂರು ದಿನಗಳ ಪತ್ರಿಕೆಗಳನ್ನು ಓದಬೇಕು. ಈ ಯುದ್ಧದ ಬಗ್ಗೆ ವಿಚಾರಣೆ ನಡೆಸಿದ ಬ್ರಿಟನ್ನಿನ ಚಿಲ್ಕಾಟ್ ಸಮಿತಿ 2016ರ ಜುಲೈ 6ರಂದು ಹನ್ನೆರಡು ಸಂಪುಟಗಳ ವರದಿ ಕೊಟ್ಟು, ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಹೋಗಲಾಯಿತು ಎಂದು ಹೇಳಿತು. ಅದಕ್ಕೂ ಹದಿಮೂರು ವರ್ಷ ಮೊದಲಿನ ಪತ್ರಿಕೆಯಲ್ಲೇ ಆ ಮಾತಿಗೆ ಬೇಕಾದ ಆಧಾರ ಅಚ್ಚಾಗಿತ್ತು.

ಭಾವನ ಮಾತಿಗೂ ನ್ಯಾಯ ಸಲ್ಲಿಸಬೇಕು. ಇರಾಕಿನ ಜನರನ್ನು ಬಿಡಿಸುವ ಮಾತು ಅಸ್ತ್ರಗಳು ಸಿಗದ ಮೇಲೆ ಹೊಸದಾಗಿ ಹುಟ್ಟಿದ್ದು ಎಂಬ ನನ್ನ ವಾದ ಪೂರ್ತಿ ಸರಿಯಲ್ಲ. ಯುದ್ಧ ಆರಂಭವಾದ ರಾತ್ರಿಯ ಭಾಷಣದಲ್ಲಿಯೇ ಬುಷ್ ಇರಾಕನ್ನು ನಿಶ್ಶಸ್ತ್ರಗೊಳಿಸುವುದು, ಅಲ್ಲಿಯ ಜನರನ್ನು ಬಿಡಿಸುವುದು, ಜಗತ್ತನ್ನು ಅಪಾಯದಿಂದ ಕಾಯುವುದು ಎಂದು ಮೂರನ್ನೂ ಹೇಳಿದ್ದರು. ಇರಾಕಿನ ಆಡಳಿತ ಬದಲಾಗಬೇಕೆಂಬ ಕಾನೂನನ್ನು ಅಮೆರಿಕ 1998ರಲ್ಲೇ ಮಾಡಿತ್ತು. ಬದಲಾದದ್ದು ಕಾರಣಗಳ ಸರತಿ. ಭದ್ರತಾ ಮಂಡಳಿಯ ಮುಂದೆ ಅಸ್ತ್ರಗಳದು ಮೊದಲ ಸ್ಥಾನ. ಅಮೆರಿಕವೇ ಕಳಿಸಿದ ಶೋಧಕರ ತಂಡ 2004ರಲ್ಲಿ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ಕೊಡುವ ಹೊತ್ತಿಗೆ ಅವು ಹಿಂದೆ ಸರಿದು ಪ್ರಜಾಪ್ರಭುತ್ವ ಮುಂದೆ ಬಂದಿತ್ತು. ಗುರಿಯ ಕಥೆಯೂ ಹಾಗೆಯೇ. 2003ರ ಮೇ 1ರಂದು ಪ್ರಮುಖ ಕಾಳಗ ಮುಗಿಯಿತೆಂದು ಬುಷ್ ಯುದ್ಧನೌಕೆಯ ಮೇಲೆ ನಿಂತು ಸಾರಿದರು, ಡಿಸೆಂಬರ್ 13ರಂದು ಸದ್ದಾಮ್ ಸೆರೆಸಿಕ್ಕ, ಆದರೆ ಸೈನ್ಯ ಹಿಂದಿರುಗಿದ್ದು 2011ರ ಡಿಸೆಂಬರಿನಲ್ಲಿ. ಏನು ಸಾಧಿಸಿದರೆ ಯುದ್ಧ ಮುಗಿದಂತೆ ಎಂಬುದನ್ನು ಹೊರಡುವ ಮುನ್ನ ಗಟ್ಟಿಯಾಗಿ ಹೇಳದೆ ಹೋದುದರ ಫಲವನ್ನು ಇರಾಕಿನ ಜನ ಉಂಡರು, ಅಮೆರಿಕದ ಸೈನಿಕರೂ ಉಂಡರು.

ಈ ಸಂಗ್ರಹದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ನಮ್ಮ ದೇಶದೊಳಗಿನ ವಾದದ ಪುಟಗಳು. 2003ರ ಏಪ್ರಿಲಿನಲ್ಲಿ ಸಂಸತ್ತು ಇರಾಕ್ ವಿಷಯದಲ್ಲಿ ಠರಾವು ಮಾಡುವಾಗ ಯಾವ ಪದ ಬಳಸಬೇಕೆಂದು ಸರ್ಕಾರಕ್ಕೂ ವಿರೋಧ ಪಕ್ಷಗಳಿಗೂ ಜಗ್ಗಾಟ ನಡೆಯಿತು. ವಿರೋಧ ಪಕ್ಷಗಳಿಗೆ ಕಟುವಾದ ಖಂಡನೆ ಬೇಕಿತ್ತು, ವಾಜಪೇಯಿ ಅವರ ಸರ್ಕಾರಕ್ಕೆ ಅಮೆರಿಕದೊಂದಿಗಿನ ಸಂಬಂಧವನ್ನು ಕೆಡಿಸಿಕೊಳ್ಳುವುದು ಬೇಡವಾಗಿತ್ತು. ಕೊನೆಗೆ ಹಿಂದಿಯಲ್ಲಿ ‘ನಿಂದಾ’ ಎಂದೂ ಇಂಗ್ಲಿಷಿನಲ್ಲಿ ‘ಡಿಪ್ಲೋರ್’ ಎಂದೂ ಬರೆದು ಒಮ್ಮತ ಸಾಧಿಸಿದರು. ‘ಡಿಪ್ಲೋರ್’ ಎಂಬುದು ಖಂಡಿಸು ಎಂಬರ್ಥದ ‘ಕಂಡೆಮ್’ನಷ್ಟು ಗಡುಸಲ್ಲ, ಹಿಂದಿಯ ಪದಕ್ಕೆ ಎರಡೂ ಅರ್ಥ ಹೊಂದುತ್ತದೆ. ಕನ್ನಡದಲ್ಲಿ ನಿಂದೆ ಎಂದರೆ ಬೈಗುಳವೇ ಆಗುವುದರಿಂದ ಅದನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಖಂಡನೆ ಎಂದು ಬರೆದರೆ ಒಂದು ಅರ್ಥ, ವಿಷಾದ ಎಂದು ಬರೆದರೆ ಇನ್ನೊಂದು. ಒಂದು ಪದದ ಆಯ್ಕೆಯಲ್ಲಿ ದೇಶದ ನಿಲುವೇ ತೂಗಾಡುವುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿರಲಿಲ್ಲ. ಮುಂದೆ ಇರಾಕಿಗೆ ಭಾರತದ ಸೈನ್ಯ ಕಳಿಸಬೇಕೆಂದು ಅಮೆರಿಕ ಕೇಳಿದಾಗ ಎರಡು ತಿಂಗಳು ದೇಶದಲ್ಲಿ ಪರ ವಿರೋಧದ ಮಾತು ನಡೆದು, ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸಲಾಗದು ಎಂದು ಸರ್ಕಾರ ತಿಳಿಸಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ, ಎಷ್ಟೋ ಮನೆಗಳವರು ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತಾರೆ. ಆ ಜುಲೈ ತಿಂಗಳಿನ ಪತ್ರಿಕೆಯನ್ನು ಇಲ್ಲಿಯವರು ದೂರದೇಶದ ಸುದ್ದಿಯೆಂದು ಓದಿರಲಾರರು.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಚರ್ಚೆ ನಡೆಯುತ್ತದೆ. ಮಾಸ್ತರರ ನಿಯಮ ಎರಡೇ. ಕಾರಣ ಹೇಳುವವರು ಅದರ ತಾರೀಖನ್ನೂ ಹೇಳಬೇಕು. ಎದುರಿನವರ ಮಾತನ್ನು ಅವರು ಹೌದೆನ್ನುವಂತೆ ಒಮ್ಮೆ ಹೇಳಿದ ಮೇಲೆಯೇ ಖಂಡಿಸಬೇಕು. ವಾಲಿಯ ಪ್ರಶ್ನೆಯನ್ನು ಪೂರ್ತಿ ಕೇಳದೆ ರಾಮ ಉತ್ತರಿಸಿದರೆ ಅರ್ಥಗಾರಿಕೆ ಸೋಲುತ್ತದೆ ಎಂದು ಅವರು ಹೇಳುತ್ತಾರೆ. ನಾನು ಹೋದ ದಿನ ಭಟ್ಕಳದಿಂದ ಬಂದಿದ್ದ ಹಿರಿಯರೊಬ್ಬರು ಯುದ್ಧದ ಪರವಾಗಿ ಮಾತನಾಡಿದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅವರು ಅಲ್ಲಿ ಕೆಲಸದಲ್ಲಿದ್ದರು. ಬಗ್ದಾದ್ ಮಾರ್ಗವಾಗಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದವರು. ಆ ವರ್ಷ ಹಾಗೆ ಹಿಂದಿರುಗಿದ ಭಾರತೀಯರು ಲಕ್ಷಕ್ಕೂ ಹೆಚ್ಚು. ಹಲಬ್ಜಾದಲ್ಲಿ 1988ರಲ್ಲಿ ತನ್ನದೇ ದೇಶದ ಕುರ್ದರ ಮೇಲೆ ವಿಷಾನಿಲ ಬಿಟ್ಟವನನ್ನು ಯಾವ ಠರಾವಿನಿಂದ ಇಳಿಸುತ್ತಿದ್ದಿರಿ ಎಂದು ಅವರು ಕೇಳಿದರು.

ಕಾಲೇಜಿನ ಹುಡುಗಿಯೊಬ್ಬಳು ಎದ್ದು ಅವರ ಮಾತನ್ನು ಒಂದೂ ಬಿಡದೆ ಹೇಳಿ, ಅವರು ತಲೆಯಾಡಿಸಿದ ಮೇಲೆ, “ಕಾಕಾ, ಕುವೈತಿಗೆ ಆದ ಅನ್ಯಾಯಕ್ಕೆ 1991ರಲ್ಲೇ ಯುದ್ಧ ಆಯಿತು. 2003ಕ್ಕೆ 2003ರದ್ದೇ ಕಾರಣ ಬೇಕಲ್ಲ?” ಎಂದಳು.

“ಕಾರಣ ಅವರು ಸುಳ್ಳು ಹೇಳಿದರು ತಂಗೀ, ಅದನ್ನು ಒಪ್ಪುತ್ತೇನೆ. ಆದರೆ ಅವನು ಇಳಿದದ್ದು ತಪ್ಪು ಎನ್ನಲಿಕ್ಕೆ ನನ್ನಿಂದ ಆಗುವುದಿಲ್ಲ” ಎಂದರು ಹಿರಿಯರು.

ಯುದ್ಧವನ್ನು ವಿರೋಧಿಸುವವನಾಗಿ ನಾನು ಆ ಮಾತಿಗೆ ಇಂದಿಗೂ ಉತ್ತರ ಹುಡುಕುತ್ತಿದ್ದೇನೆ. ಹೇಳಿದ ಕಾರಣ ಸುಳ್ಳಾದರೆ ಯುದ್ಧದ ಸಮರ್ಥನೆ ಬಿದ್ದುಹೋಗುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಏಕೆಂದರೆ ಸಂಸತ್ತುಗಳು ಮತ ಹಾಕಿದ್ದು ಹೇಳಿದ ಕಾರಣವನ್ನು ನಂಬಿಯೇ. ಆದರೆ ಸದ್ದಾಮನ ಕೈಕೆಳಗಿನ ಜನರಿಗೆ ಏನು ದಾರಿಯಿತ್ತು ಎಂಬ ಪ್ರಶ್ನೆಯನ್ನು ಯುದ್ಧ ಬೇಡವೆಂದ ನಮ್ಮ ಕಡೆಯವರು ಅಂದೂ ಸಾಕಷ್ಟು ಎತ್ತಿಕೊಳ್ಳಲಿಲ್ಲ.

ಕೊರತೆಗಳಿವೆ. ದೊಡ್ಡ ಕೊರತೆಯೆಂದರೆ ಇಷ್ಟು ಕಟ್ಟುಗಳಲ್ಲಿ ಇರಾಕಿನವರೇ ಬರೆದದ್ದು ಒಂದು ಹಿಡಿಯಷ್ಟೂ ಸಿಗುವುದಿಲ್ಲ. ಯುದ್ಧ ಸರಿಯೇ ತಪ್ಪೇ ಎಂದು ವಾಷಿಂಗ್ಟನ್, ಲಂಡನ್, ದೆಹಲಿಯವರು ಮಾತನಾಡುತ್ತಾರೆ, ಬಸ್ರಾದ ಧ್ವನಿ ಕೇಳುವುದಿಲ್ಲ. ಇದು ಪತ್ರಿಕೆಗಳ ತಪ್ಪಾದರೂ, ಅನುವಾದಿತ ಬರಹಗಳನ್ನು ತರಿಸಿ ಪಕ್ಕದಲ್ಲಿಡುವುದು ಸಾಧ್ಯ. ವಿಷಯಸೂಚಿ ಇಲ್ಲದ ಕಾರಣ ಚೀಟಿ ಬಿದ್ದುಹೋದ ಕಡೆ ಗಂಟೆಗಟ್ಟಲೆ ಹುಡುಕಬೇಕಾಗುತ್ತದೆ. ಏಣಿಯಂತಹ ಕಡಿದಾದ ಮೆಟ್ಟಿಲು ವಯಸ್ಸಾದವರಿಗೆ ಕಷ್ಟ. ಮಳೆಗಾಲದಲ್ಲಿ ಕರೆಂಟು ಹೋದರೆ ಕಿಟಕಿಯ ಬೆಳಕೇ ಗತಿ. ಚರ್ಚೆಗೆ ಬರುವ ಹೆಂಗಸರು ಕಡಿಮೆ, ಆ ಹುಡುಗಿಯನ್ನು ಬಿಟ್ಟರೆ ಅಂದು ಯಾರೂ ಮಾತನಾಡಲಿಲ್ಲ. ಜೆರಾಕ್ಸ್ ಸೌಲಭ್ಯವಿಲ್ಲ, ಮೊಬೈಲಿನಲ್ಲಿ ಚಿತ್ರ ತೆಗೆಯಬಹುದು. ನಾಲ್ಕು ಗಂಟೆಗೆ ಕೆಳಗಿನಿಂದ ಎಲ್ಲರಿಗೂ ಬಿಸಿ ಕಷಾಯ ಬರುತ್ತದೆ, ಅದಕ್ಕೂ ಹಣ ತೆಗೆದುಕೊಳ್ಳುವುದಿಲ್ಲ.

ಶಾಲೆಯ ಮಕ್ಕಳನ್ನು ಕಾರವಾರದ ಕಡಲತೀರದಲ್ಲಿರುವ ಚಪಲ್ ಯುದ್ಧನೌಕೆ ತೋರಿಸಲು ಕರೆದುಕೊಂಡು ಹೋಗುವ ಶಿಕ್ಷಕರು, ಹಿಂದಿನ ದಿನವೋ ಮರುದಿನವೋ ಮೇಲಿನ ತರಗತಿಯವರನ್ನು ಈ ಮಾಳಿಗೆಗೂ ಕರೆತರಬೇಕೆಂದು ನನ್ನ ಕೋರಿಕೆ. ಹತ್ತು ಮಂದಿಗಿಂತ ಹೆಚ್ಚಿದ್ದರೆ ಮೊದಲೇ ತಿಳಿಸಬೇಕು.

ನಾನು ಹೊರಡುವಾಗ ಭಟ್ಕಳದ ಹಿರಿಯರು 1990ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಪತ್ರಿಕೆ ಕೇಳುತ್ತಿದ್ದರು. ತಾವು ಅಮ್ಮಾನಿನಲ್ಲಿ ವಿಮಾನಕ್ಕೆ ಕಾಯುತ್ತಿದ್ದ ದಿನಗಳಲ್ಲಿ ಊರಿನ ಪತ್ರಿಕೆ ಏನು ಬರೆದಿತ್ತೆಂದು ನೋಡಬೇಕಂತೆ. ಆ ಮೂರು ತಿಂಗಳ ಕಟ್ಟು ಮಾಸ್ತರರ ಬಳಿ ಇಲ್ಲ. ಶಿರಸಿ, ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಕೊಡಿ. ಒಯ್ಯಲು ಮಾಸ್ತರರೇ ಬರುತ್ತಾರೆ.